ಹುಕ್ಕೇರಿಯ ವಕೀಲರು, ದಿಲ್ಲಿಯ ವ್ಯಾಪಾರ ಖಾತೆ

ಮಂತ್ರಿಗಳ ಬಾಜೂಕ್ಕೆ ಕುಳಿತು ಕೆಲಸ ಮಾಡುವವನ ಕಣ್ಣೆದುರು ನಗೆಯ ಪ್ರಸಂಗಗಳು ವಾರಕ್ಕೊಂದಾದರೂ ನಡೆದೇ ನಡೆಯುತ್ತವೆ. ಅವನ ಪಾಲಿಗೆ ಇರುವ ಕೆಲಸ ಎರಡೇ. ಹೇಳಿದ್ದನ್ನು ಟೈಪ್ ಮಾಡುವುದು, ನಗು ಬಂದರೆ ಕೆಮ್ಮುವುದು. ಹದಿನೈದು ವರ್ಷ ನಾನು ಎಷ್ಟು ಕೆಮ್ಮಿದೆನೆಂದರೆ, ದಿಲ್ಲಿಯ ಡಾಕ್ಟರು ಎರಡು ಸಲ ನನ್ನ ಎದೆಯ ಫೋಟೋ ತೆಗೆಸಿ ನೋಡಿದರು. ಎದೆ ಸ್ವಚ್ಛವಾಗಿತ್ತು.

ನಾನು ಗೋಕಾಕದ ಕೋರ್ಟಿನ ಮುಂದೆ ಬೇವಿನ ಗಿಡದ ಬುಡಕ್ಕೆ ಟೈಪ್‌ರೈಟರ್ ಇಟ್ಟುಕೊಂಡು ಮಂದಿಯ ಅರ್ಜಿ ಬಡಿಯುತ್ತಿದ್ದವನು. ಸಾಹೇಬರು ಹುಕ್ಕೇರಿಯವರು, ವಕೀಲಿ ನಡೆಸುತ್ತಿದ್ದದ್ದು ಗೋಕಾಕದಲ್ಲಿ. ಸ್ವಾತಂತ್ರ್ಯ ಬಂದ ಮರುವರ್ಷ ಒಂದು ದಿನ ನನ್ನ ಮುಂದೆ ನಿಂತು, "ನಿನ್ನ ಟೈಪಿನಾಗ ತಪ್ಪು ಭಾಳ ಅದಾವ. ಆದ್ರ ಬೆರಳು ಜೋರು. ನನ್ನ ಕಡೆ ಬಾ" ಎಂದರು. ಹೋದೆ. ಅವರು ವಕೀಲರಿದ್ದವರು ಪಾರ್ಲಿಮೆಂಟಿನ ಮೆಂಬರಾದರು, ಆಮೇಲೆ ಉಪಮಂತ್ರಿಯಾದರು, ಕೊನೆಗೆ ಇಡೀ ದೇಶದ ವ್ಯಾಪಾರ ಮಂತ್ರಿಯೇ ಆದರು. ನಾನು ಟೈಪಿಸ್ಟ್ ಇದ್ದವನು ಟೈಪಿಸ್ಟೇ ಉಳಿದೆ. ಟೈಪ್‌ರೈಟರ್ ಮಾತ್ರ ದೊಡ್ಡದಾಯಿತು.

೧. ಬಲಗಡೆಯ ಎತ್ತು

ಮೊದಲನೇ ಚುನಾವಣೆಯಲ್ಲಿ ನಮ್ಮ ಗುರುತು ನೊಗ ಹೊತ್ತ ಜೋಡೆತ್ತು. ಮುಂಬೈಯಲ್ಲಿ ಅಚ್ಚಾಗಿ ಬಂದ ಚಿತ್ರಗಳ ಗಂಟು ಹೊತ್ತುಕೊಂಡು ಬೆಲ್ಲದ ಬಾಗೇವಾಡಿಗೆ ಹೋದೆವು. ಚಾವಡಿಯ ಗೋಡೆಗೆ ಒಂದು ಚಿತ್ರ ಅಂಟಿಸಿ ಸಾಹೇಬರು ಭಾಷಣಕ್ಕೆ ನಿಂತರು. ದೇಶ ಆಯಿತು, ಕಾಲುವೆ ಆಯಿತು, ಸಾಲಿ ಆಯಿತು. ಮುಂದೆ ಕುಳಿತ ರೈತರಲ್ಲಿ ಒಬ್ಬರೂ ಅವರ ಮುಖ ನೋಡಲಿಲ್ಲ. ಎಲ್ಲರ ಕಣ್ಣೂ ಗೋಡೆಯ ಮೇಲಿನ ಎತ್ತುಗಳ ಮೇಲೆ.

ಚಪ್ಪಾಳೆಯ ಬದಲು ಒಬ್ಬ ಹಿರಿಯ ರೈತ ಎದ್ದ. ಗೋಡೆಯ ಹತ್ತಿರ ಹೋಗಿ, ಚಿತ್ರಕ್ಕೆ ಮೂಗು ತಾಗುವಷ್ಟು ಬಗ್ಗಿ ನೋಡಿ, ತಿರುಗಿ ಕೇಳಿದ.

"ಸಾಹೇಬ್ರ, ಈ ಎತ್ತು ಯಾರ್ವು?"

"ಎಲ್ಲಾರ್ವೂ!" ಎಂದರು ಸಾಹೇಬರು, ಕೈ ಅಗಲಿಸಿ.

"ಅದಕ್ಕ ಹಿಂಗಾಗ್ಯಾವ. ಎಲ್ಲಾರ ಎತ್ತಿಗೆ ಮೇವು ಹಾಕಾವ್ರು ಯಾರೂ ಇರೂದಿಲ್ಲ. ಪಕ್ಕೆಲುಬು ಎಣಸಾಕ ಬರತಾವ ನೋಡ್ರಿ."

ಇನ್ನೊಬ್ಬ ಎದ್ದು, "ಬಲಕಿಂದು ಗಿಡ್ಡ ಐತಿ. ಇಂಥಾ ಜೋಡಿ ಹೂಡಿದ್ರ ರಂಟಿ ಬಲಕ್ಕ ಎಳೀತೈತಿ" ಎಂದ. ಮೂರನೆಯವನು ಅದು ಗಿಡ್ಡ ಅಲ್ಲ, ಹರೇದ್ದು, ಇನ್ನೂ ಬೆಳೀತೈತಿ ಎಂದ. ಅಲ್ಲಿಗೆ ಊರಲ್ಲಿ ಎರಡು ಪಕ್ಷವಾದವು. ನಮ್ಮ ಪಕ್ಷ, ಎದುರಾಳಿ ಪಕ್ಷ ಎರಡೂ ಅಲ್ಲ. ಗಿಡ್ಡ ಪಕ್ಷ, ಹರೇದ ಪಕ್ಷ. ತಾಸೊತ್ತು ವಾದ ನಡೆಯಿತು. ದೊಡ್ಡ ಊರು, ಅಲ್ಲಿ ಕೈತಪ್ಪಿದರೆ ಚುನಾವಣೆಯೇ ಕೈತಪ್ಪಿದಂತೆ. ಸಾಹೇಬರು ಬೆವರತೊಡಗಿದರು.

ಕೊನೆಗೆ ಆ ಹಿರಿಯ ರೈತನೇ ಕೇಳಿದ. "ಅದಿರ್ಲಿ. ಎತ್ತಿನ ಗುರುತು ಇಟ್ಟಗೊಂಡೀರಿ ಅಂದ ಮ್ಯಾಲೆ ನಿಮಗ ರಂಟಿ ಹೊಡಿಯಾಕ ಬರತೈತಲ್ರಿ?"

ಸಾಹೇಬರು ಜನ್ಮದಲ್ಲಿ ನೇಗಿಲು ಮುಟ್ಟಿದವರಲ್ಲ. ಆದರೆ ವಕೀಲರ ಬಾಯಿಗೆ 'ಇಲ್ಲ' ಎಂಬ ಮಾತು ಬರುವುದಿಲ್ಲ. "ಬರತೈತಿ" ಎಂದುಬಿಟ್ಟರು.

ಊರಿಗೆ ಊರೇ ಹೊಲಕ್ಕೆ ನಡೆಯಿತು. ಸಾಹೇಬರು ಕೋಟು ಕಳಚಿ ನನ್ನ ಕೈಗಿತ್ತು, ಧೋತರ ಮೇಲೆ ಕಟ್ಟಿ, ರಂಟೆ ಹಿಡಿದರು. ಎತ್ತುಗಳು ಒಂದು ಸಲ ಹಿಂದೆ ತಿರುಗಿ ನೋಡಿದವು. ಆಮೇಲೆ ತಮಗೆ ತಿಳಿದ ಹಾಗೆ ಹೊರಟವು. ಮೂಡಣಕ್ಕೆ ಮುಖ ಮಾಡಿ ಹೊರಟ ಸಾಲು ನಡುವೆ ಬದುವು ದಾಟಿ ಬಾಜೂಕಿನವರ ಹೊಲ ಹೊಕ್ಕು, ಅಲ್ಲಿ ಒಂದು ಜಾಲಿಗಿಡ ಸುತ್ತಿ, ಹೊರಟಲ್ಲಿಗೇ ಬಂದು ಮುಟ್ಟಿತು. ಸಾಹೇಬರು ಹೊಲದಲ್ಲಿ ದೊಡ್ಡದೊಂದು ಸೊನ್ನೆ ಬರೆದಿದ್ದರು.

ಹಿರಿಯ ರೈತ ಆ ಸಾಲಿನ ಮೇಲೆ ಒಂದು ಸುತ್ತು ನಡೆದು ಬಂದ.

"ಇವರನ್ನ ಇಲ್ಲೇ ಇಟ್ಟಗೊಂಡ್ರ ನಮ್ಮ ಹೊಲಾ ಉಳಿಯೂದಿಲ್ಲ" ಎಂದ. "ದಿಲ್ಲ್ಯಾಗ ಹೊಲಾ ಇಲ್ಲಂತ. ಅಲ್ಲಿಗೇ ಕಳಸೂಣು."

ಆ ಊರಿನ ಮತ ನಮಗೇ ಬಿದ್ದವು.

೨. ಕೈಯಾರೆ ಕೊಟ್ಟದ್ದು

ಆಗ ಮತ ಹಾಕುವ ರೀತಿ ಬೇರೆ ಇತ್ತು. ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಡಬ್ಬಿ, ಡಬ್ಬಿಯ ಮೇಲೆ ಅವನ ಗುರುತು. ಕೊಟ್ಟ ಕಾಗದವನ್ನು ಮರೆಯಲ್ಲಿ ಹೋಗಿ ಬೇಕಾದವರ ಡಬ್ಬಿಯಲ್ಲಿ ಹಾಕಿ ಬರಬೇಕು.

ಕಲ್ಲೋಳಿಯಲ್ಲಿ ಹೆಣ್ಣುಮಕ್ಕಳ ಮತ ಕೇಳಲು ಸಾಹೇಬರ ಹೆಂಡತಿ ಮನೆಮನೆಗೆ ಹೋಗಿದ್ದರು. ಅವರನ್ನು ನಾವೆಲ್ಲ ಅಕ್ಕಾರು ಎನ್ನುತ್ತಿದ್ದೆವು. ಒಬ್ಬ ಮುದುಕಿ ಅಕ್ಕಾರ ಕೈ ಹಿಡಿದು, "ನಿಮ್ಮವರಿಗೇ ಕೊಡ್ತೀನವಾ. ಬ್ಯಾರೇದವರಿಗೆ ಕೊಟ್ರ ಕೇಳು" ಎಂದು ಮಾತು ಕೊಟ್ಟಿದ್ದಳು.

ಮತದಾನದ ದಿನ ಮಧ್ಯಾಹ್ನ ನಾವು ಮತಗಟ್ಟೆಯಿದ್ದ ಸಾಲಿಯಿಂದ ಸ್ವಲ್ಪ ದೂರ ಒಂದು ಗಿಡದ ನೆರಳಿಗೆ ಕುಳಿತಿದ್ದೆವು. ಆ ಮುದುಕಿ ಒಳಗಿನಿಂದ ಹೊರಬಂದು ಸೀದಾ ನಮ್ಮ ಕಡೆಗೆ ನಡೆದಳು. ಸೆರಗಿನ ಗಂಟು ಬಿಚ್ಚಿ, ಮಡಚಿದ ಕಾಗದ ತೆಗೆದು, ಅದರ ಮೇಲೆ ಒಂದು ಎಲೆ, ಒಂದು ಅಡಿಕೆ ಇಟ್ಟು ಎರಡೂ ಕೈಯಿಂದ ಸಾಹೇಬರ ಬೊಗಸೆಗೆ ಹಾಕಿದಳು.

"ಏನಿದು ಆಯಿ?"

"ನಿಮ್ಮ ಮತಾರೀ. ಕೊಡ್ತೀನಿ ಅಂದಿದ್ನಲ್ಲ."

ಅವಳ ಹಿಂದೆ ಮತ್ತೆ ಹದಿಮೂರು ಹೆಣ್ಣುಮಕ್ಕಳು. ಎಲ್ಲರೂ ಸೆರಗಿನ ಗಂಟು ಬಿಚ್ಚುತ್ತಿದ್ದರು. ಸಾಹೇಬರ ಬೊಗಸೆ ತುಂಬಿತು, ಮುಖ ಬಿಳಿಚಿತು. ಅದನ್ನೆಲ್ಲ ಹಿಡಿದುಕೊಂಡು ಮತಗಟ್ಟೆಯ ಅಧಿಕಾರಿಯ ಹತ್ತಿರ ಓಡಿದರು. ಅಧಿಕಾರಿ ಚೇಳು ಕಂಡವರ ಹಾಗೆ ಎರಡು ಹೆಜ್ಜೆ ಹಿಂದೆ ಸರಿದರು.

"ಹೊರಗ ಬಂದ ಮತ ಒಳಗ ಹೋಗೂದಿಲ್ರಿ. ಅದನ್ನ ಹಿಡಕೊಂಡು ನಿಂತ್ರ ನಿಮ್ಮ ಮ್ಯಾಲೇ ಕೇಸ್ ಆಗ್ತೈತಿ. ಮೊದಲ ಇಲ್ಲಿ ಇಡ್ರಿ!"

ಹದಿನಾಲ್ಕೂ ಕಾಗದ ಲಕೋಟೆ ಸೇರಿ ಅರಗಿನ ಮುದ್ರೆ ಬಿತ್ತು. ಎಲೆ ಅಡಿಕೆ ಮಾತ್ರ ವಾಪಸು ಕೊಟ್ಟರು. ಸಾಹೇಬರು ಬಂದು ಮುದುಕಿಯ ಮುಂದೆ ಕುಳಿತು, ಸಣ್ಣ ಕೂಸಿಗೆ ತಿಳಿಹೇಳುವ ಹಾಗೆ ಹೇಳಿದರು. "ಆಯಿ, ಅದನ್ನ ಡಬ್ಬ್ಯಾಗ ಹಾಕಬೇಕಿತ್ತು."

"ಡಬ್ಬಿ ನೋಡೀನ್ರಿ" ಎಂದಳು ಮುದುಕಿ. "ಮೂಲ್ಯಾಗ ಇಟ್ಟಾರ, ಕಾಯಾವ್ರು ಒಬ್ರೂ ಇಲ್ಲ. ನಿಮ್ಮ ಮ್ಯಾಲೆ ವಿಶ್ವಾಸ ಇಲ್ಲದವರು ಡಬ್ಬ್ಯಾಗ ಹಾಕ್ತಾರ್ರಿ. ನಮಗ ವಿಶ್ವಾಸ ಐತಿ, ಕೈಯಾಗ ಕೊಟ್ಟೀವಿ."

೩. ಪರಿಶೀಲನೆಯಲ್ಲಿದೆ

ಸಾಹೇಬರ ತಂದೆಯವರಿಗೆ ಹುಕ್ಕೇರಿಯ ಪೇಟೆಯಲ್ಲಿ ಕಿರಾಣಿ ಅಂಗಡಿ. ಹಣೆಗೆ ವಿಭೂತಿ ಹಚ್ಚಿ, ತಕ್ಕಡಿಗೆ ಕೈಮುಗಿಯದೆ ಒಂದು ದಿನವೂ ಅಂಗಡಿ ತೆರೆದವರಲ್ಲ. ಮಗ ಮಂತ್ರಿಯಾದ ಸುದ್ದಿ ರೇಡಿಯೋದಲ್ಲಿ ಬಂದಾಗ ಪೇಟೆಯವರು ಹಾರ ತಂದು ಅವರ ಕೊರಳಿಗೆ ಹಾಕಿದರು.

"ಯಾವ ಖಾತಾ ಕೊಟ್ಟಾರಂತ?" ಎಂದು ಕೇಳಿದರು ತಂದೆಯವರು.

"ವ್ಯಾಪಾರದ್ದರಿ, ಕಾಕಾ!"

ತಂದೆಯವರು ಹಾರ ತೆಗೆದು ಕೆಳಗಿಟ್ಟರು. "ಸತ್ಯಾನಾಶ ಆತು" ಎಂದರು.

ಅಂದೇ ಪ್ರಧಾನಿಯವರಿಗೆ ಒಂದು ಪತ್ರ ಬರೆದು ಹಾಕಿದರು, ಅಚ್ಚ ಕನ್ನಡದಲ್ಲಿ. ದಿಲ್ಲಿಯಲ್ಲಿ ಅದನ್ನು ಓದುವವರಿಲ್ಲ. ಹುಕ್ಕೇರಿಯ ಮುದ್ರೆ ನೋಡಿ, ಇದು ಆ ಕಡೆಯ ಮಂತ್ರಿಗಳದ್ದೇ ಎಂದು 'ಓದಿ ಯೋಗ್ಯ ಕ್ರಮ ಕೈಗೊಳ್ಳುವುದು' ಎಂಬ ಚೀಟಿ ಹಚ್ಚಿ ನಮ್ಮ ಕಚೇರಿಗೇ ಕಳಿಸಿದರು. ಸಿಬ್ಬಂದಿಯಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ ಆದ್ದರಿಂದ ನನ್ನ ಮೇಜಿಗೇ ಬಂತು. ಓದಿದೆ. ಕೆಮ್ಮು ಬಂತು. ತೆಗೆದುಕೊಂಡು ಸಾಹೇಬರ ಮುಂದೆ ಹೋಗಿ ನಿಂತೆ.

"ಏನೋ ಅದು?"

"ವ್ಯಾಪಾರ ಮಂತ್ರಿಗಳ ವಿರುದ್ಧ ಒಂದು ತಕರಾರು ಅರ್ಜಿ ಬಂದೈತ್ರಿ."

"ಯಾರದು?"

"ಹುಕ್ಕೇರಿ ವ್ಯಾಪಾರಸ್ಥರೊಬ್ಬರದ್ರಿ."

"ವಿರೋಧ ಪಕ್ಷದವನೇನು?"

"ಅಲ್ರಿ. ನಿಮ್ಮ ಮನಿ ಪಕ್ಷದವರು."

ಸಾಹೇಬರು ಪತ್ರ ಕಸಿದುಕೊಂಡು ಓದಿದರು. ಅದು ಹೀಗಿತ್ತು:

'ಮಹಾಸ್ವಾಮಿಯವರಿಗೆ ಶರಣು. ನನ್ನ ಮಗನಿಗೆ ವ್ಯಾಪಾರದ ಖಾತೆ ಕೊಟ್ಟದ್ದು ಕೇಳಿ ಗಾಬರಿಯಾಯಿತು. ಅವನು ಒಳ್ಳೆಯವನು, ವಕೀಲನಾದರೂ ಸುಳ್ಳು ಹೇಳುವುದಿಲ್ಲ. ಆದರೆ ವ್ಯಾಪಾರ ತಿಳಿಯದು. ಕಾಲೇಜಿಗೆ ಸೂಟಿ ಬಿಟ್ಟಾಗ ಒಂದೇ ಒಂದು ದಿನ ಅವನನ್ನು ಅಂಗಡಿಯಲ್ಲಿ ಕೂಡ್ರಿಸಿ ಸಂಕೇಶ್ವರಕ್ಕೆ ಹೋಗಿದ್ದೆ. ಬರುವುದರೊಳಗೆ ಸಕ್ಕರೆ ಕೇಳಿದವರಿಗೆ ಉಪ್ಪು ಕಟ್ಟಿಕೊಟ್ಟಿದ್ದ. ಉಪ್ಪು ಕೇಳಿದವರಿಗೆ, ಉಪ್ಪು ಬಹಳ ತಿನ್ನಬಾರದೆಂದು ಬುದ್ಧಿ ಹೇಳಿ ಬರಿಗೈಲಿ ಕಳಿಸಿದ್ದ. ಒಂದು ದಿನದಲ್ಲಿ ಒಂದು ಅಂಗಡಿ ಹೀಗಾದರೆ ಐದು ವರ್ಷದಲ್ಲಿ ದೇಶ ಏನಾದೀತು? ದಯಮಾಡಿ ಬೇರೆ ಖಾತೆ ಕೊಡಿರಿ. ಪೋಸ್ಟಿನ ಖಾತೆ ಆದರೂ ಅಡ್ಡಿಯಿಲ್ಲ. ಅವನಿಗೆ ಪತ್ರ ಬರೆಯುವ ರೂಢಿ ಇದೆ. ನನಗೊಬ್ಬನಿಗೆ ಬಿಟ್ಟು ಊರಿಗೆಲ್ಲ ಬರೆಯುತ್ತಾನೆ.'

ಕೊನೆಯ ಸಾಲನ್ನು ಸಾಹೇಬರು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿದರು. ಆಮೇಲೆ, "ಇಂಥಾ ಅರ್ಜಿಗೆ ನಿಯಮ ಏನೈತಿ?" ಎಂದರು.

"ಹದಿನೈದು ದಿನದಾಗ ಉತ್ತರ ಹೋಗಬೇಕ್ರಿ."

"ಬಡಿ ಹಂಗಾರ."

ಸರಕಾರಿ ಕಾಗದದ ಮೇಲೆ ಬಡಿದೆ. 'ತಮ್ಮ ಪತ್ರ ತಲುಪಿದೆ. ವಿಷಯವು ಪರಿಶೀಲನೆಯಲ್ಲಿದೆ.' ಅದರ ಜೊತೆಗೆ ಸಾಹೇಬರು ತಮ್ಮ ಕೈಯಿಂದಲೇ ನಾಲ್ಕು ಹಾಳೆ ಬರೆದು ಇಟ್ಟರು. ಅದರಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ.

ಮುಂದೆ ಒಂದು ಸಲ ಹುಕ್ಕೇರಿಗೆ ಹೋದಾಗ ನೋಡಿದೆ. ಮಗನ ನಾಲ್ಕು ಹಾಳೆ ತಂದೆಯವರ ಅಂಗಿಯ ಕಿಸೆಯಲ್ಲಿದ್ದವು, ಮಡಿಕೆ ಹರಿಯುವಷ್ಟು ಸವೆದಿದ್ದವು. ಸರಕಾರದ ಕಾಗದಕ್ಕೆ ಗಾಜು ಹಾಕಿಸಿ ತಕ್ಕಡಿಯ ಮೇಲೆ ನೇತುಹಾಕಿದ್ದರು. ಗಿರಾಕಿಗಳು ಬಂದು, "ಮಗಾ ಏನ್ ಮಾಡ್ತಾರ್ರಿ ಈಗ?" ಎಂದು ಕೇಳಿದರೆ, ಬೆಲ್ಲ ತೂಗುತ್ತಲೇ ಹೇಳುತ್ತಿದ್ದರು.

"ಪರಿಶೀಲನಾದಾಗ ಅದಾನ."

೪. ಅವಕಾಶ

ಸಾಹೇಬರ ಇಂಗ್ಲಿಷು ಜೋರಾಗಿತ್ತು. ಮರಾಠಿಯೂ ಬರುತ್ತಿತ್ತು. ಹಿಂದಿಯನ್ನು ಮಾತ್ರ ಅವರು ಕನ್ನಡ, ಮರಾಠಿ ಕೂಡಿಸಿ ತುದಿಗೊಂದು 'ಹೈ' ಹಚ್ಚಿ ಮನೆಯಲ್ಲೇ ತಯಾರಿಸುತ್ತಿದ್ದರು. ಕೆಲಸ ನಡೆಯುತ್ತಿತ್ತು.

ದಿಲ್ಲಿಯ ಹತ್ತಿರದ ಒಂದು ಊರಿನ ವ್ಯಾಪಾರಸ್ಥರು ಸಭೆ ಕರೆದಿದ್ದರು. ಅಂಗಡಿಗಳ ಮಾಲಕರು, ಗುಮಾಸ್ತರು, ತೂಕ ಮಾಡುವವರು, ಮೂಟೆ ಹೊರುವವರು, ಪೇಟೆಗೆ ಪೇಟೆಯೇ ನೆರೆದಿತ್ತು. ಸಾಹೇಬರಿಗೆ ಹುರುಪು ಬಂತು. ಬರೆದುಕೊಟ್ಟ ಭಾಷಣ ಮಡಚಿಟ್ಟು ಸ್ವಂತ ಹಿಂದಿಯಲ್ಲಿ ಗುಡುಗಿದರು.

"ಮೈ ಸಬ್ ಕೋ ಅವಕಾಶ್ ದೂಂಗಾ! ಛೋಟಾ ಆದ್ಮೀ ಕೋ ಭೀ ಅವಕಾಶ್! ಬಡಾ ಆದ್ಮೀ ಕೋ ಭೀ ಅವಕಾಶ್! ಕಲ್ ಸೇ ಹೀ ಅವಕಾಶ್!"

ಅಂಥ ಚಪ್ಪಾಳೆಯನ್ನು ನಾನು ಮತ್ತೆ ಎಲ್ಲಿಯೂ ಕೇಳಿಲ್ಲ. ಹಿಂದೆ ನಿಂತಿದ್ದ ಹಮಾಲರು ಟೋಪಿ ಹಾರಿಸಿದರು. ಮುಂದಿನ ಸಾಲಿನ ಮಾಲಕರು ಮಾತ್ರ ಯಾಕೋ ಸುಮ್ಮನೆ ಕುಳಿತಿದ್ದರು.

ಮರುದಿನ ಮುಂಜಾನೆ ಆ ಊರಿನ ಪೇಟೆ ತಪಾಸಣೆ ಇತ್ತು. ಹೋದರೆ ಒಂದು ಅಂಗಡಿಯೂ ತೆರೆದಿಲ್ಲ. ನಾಯಿಗಳು ನಡುರಸ್ತೆಯಲ್ಲಿ ಮಲಗಿವೆ. ಒಬ್ಬ ಮಾಲಕ ತನ್ನ ಅಂಗಡಿಯ ಮುಂದೆ ತಾನೇ ಕಸ ಗುಡಿಸುತ್ತಿದ್ದ. ಏನಾಯಿತೆಂದು ಕೇಳಿದರೆ, ಅಳುವ ದನಿಯಲ್ಲಿ ಹೇಳಿದ. "ಹುಜೂರ್, ತಾವೇ ಅಲ್ಲವೇ ನಿನ್ನೆ ಎಲ್ಲರಿಗೂ ರಜೆ ಕೊಟ್ಟದ್ದು!"

ಸಾಹೇಬರು ನನ್ನ ಕಡೆ ತಿರುಗಿದರು. "ನಾ ಯಾವಾಗ ರಜಾ ಕೊಟ್ಟೆ?"

ಜೊತೆಯಲ್ಲಿದ್ದ ಉತ್ತರದ ಅಧಿಕಾರಿ ಬಹಳ ನಯವಾಗಿ ವಿವರಿಸಿದರು. ಹಿಂದಿಯಲ್ಲಿ ಅವಕಾಶ್ ಎಂದರೆ ರಜೆ. ಸಾಹೇಬರು ಹೇಳಬೇಕೆಂದದ್ದಕ್ಕೆ ಹಿಂದಿಯಲ್ಲಿ ಅವಸರ್ ಎನ್ನಬೇಕು.

ವಾಪಸು ಬರುವಾಗ ಕಾರಿನಲ್ಲಿ ಸಾಹೇಬರು ಮೆಲ್ಲಗೆ ಹೇಳಿದರು. "ನೋಡೋ, ನಾವು ಅವಕಾಶ ಅಂದ್ರ ಇವರು ಮಲಗತಾರ. ಅವಕಾಶ ಕೊಡಬೇಕಂದ್ರ ಅವಸರ ಅನಬೇಕಂತ. ಈ ದೇಶ ಒಂದ ಐತಿ ಅನ್ನೂದ ಆಶ್ಚರ್ಯ."

೫. ಅಪರೂಪದ ಖನಿಜ

ಇದರಲ್ಲಿ ತಪ್ಪು ನನ್ನದು. ಒಪ್ಪಿಕೊಂಡುಬಿಡುತ್ತೇನೆ.

ಒಂದೇ ದಿನ ನಮ್ಮ ಕಡೆಯಿಂದ ಎರಡು ತಗಡಿನ ಡಬ್ಬಿ ದಿಲ್ಲಿಗೆ ಬಂದವು. ಒಂದರಲ್ಲಿ ಅಕ್ಕಾರು ಕಳಿಸಿದ ಗೋಕಾಕದ ಕರದಂಟು. ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ ಹಾಕಿ ಮಾಡಿದ, ಹಲ್ಲಿಗೆ ಕೆಲಸ ಕೊಡುವ ಗಟ್ಟಿ ಸಿಹಿ. ಇನ್ನೊಂದರಲ್ಲಿ ಗುಡ್ಡದ ಕೆಂಪು ಕಲ್ಲಿನ ಚೂರುಗಳು, ನೋಡಲು ಥೇಟ್ ಕರದಂಟಿನ ತುಂಡುಗಳೇ. ಇದನ್ನು ಪರದೇಶಕ್ಕೆ ಮಾರಬಹುದೇ ನೋಡಿರೆಂದು ಒಬ್ಬ ವ್ಯಾಪಾರಿ ಕಳಿಸಿದ್ದ. ಎರಡಕ್ಕೂ ಚೀಟಿ ಬಡಿದು ಅಂಟಿಸಿದವನು ನಾನು. ಬೆರಳು ಜೋರು ಎಂದು ಸಾಹೇಬರು ಮೊದಲೇ ಹೇಳಿದ್ದರಲ್ಲ, ಅದೇ ಆಯಿತು.

ಅವತ್ತು ಸೋಮವಾರ, ಸಾಹೇಬರಿಗೆ ಒಪ್ಪತ್ತು. ಅವರು ಏನೂ ತಿನ್ನುವಂತಿರಲಿಲ್ಲ. ಆದರೆ ಸಭೆಗೆ ಬಂದ ಐದು ಮಂದಿ ಅಧಿಕಾರಿಗಳ ಮುಂದೆ ತಟ್ಟೆ ಇಡಿಸಿ, ತಾವೇ ಕೈಯಾರೆ ಹಂಚಿದರು.

"ನಮ್ಮೂರಿನ ವಿಶೇಷ ಸಿಹಿ" ಎಂದರು ಇಂಗ್ಲಿಷಿನಲ್ಲಿ. "ಸ್ವಲ್ಪ ಗಟ್ಟಿ ಇರುತ್ತದೆ. ಅವಸರ ಮಾಡಬೇಡಿ. ಬಾಯಲ್ಲಿಟ್ಟುಕೊಂಡು ಸಾವಕಾಶ ತಿನ್ನಿ."

ಎಲ್ಲರಿಗಿಂತ ಹಿರಿಯ ಅಧಿಕಾರಿ ಮೊದಲು ಬಾಯಿಗೆ ಹಾಕಿಕೊಂಡರು. ಟಕ್ ಎಂದು ಸಪ್ಪಳ ಬಂತು. ಅವರ ಕಣ್ಣು ಅಗಲವಾದವು, ಬಾಯಿ ಮುಚ್ಚಿಯೇ ಇತ್ತು. ಮಂತ್ರಿ ಕೊಟ್ಟದ್ದನ್ನು ಉಗುಳುವ ಧೈರ್ಯ ಯಾರಿಗಿದೆ? ಉಳಿದವರು ಅವರನ್ನು ನೋಡಿ ತಾವೂ ಹಾಕಿಕೊಂಡರು. ಸಭೆ ಒಂದೂವರೆ ತಾಸು ನಡೆಯಿತು. ಐವರೂ ಒಂದು ಗಲ್ಲದಿಂದ ಇನ್ನೊಂದು ಗಲ್ಲಕ್ಕೆ ಕಲ್ಲು ದಾಟಿಸುತ್ತ ಹತ್ತಿಯ ರಫ್ತಿನ ಬಗ್ಗೆ ಮಾತಾಡಿದರು.

"ಹೇಗಿದೆ?" ಎಂದು ನಡುವೆ ಕೇಳಿದರು ಸಾಹೇಬರು.

"ಬಹುತ್... ಠೋಸ್ ಹೈ, ಸರ್" ಎಂದರು ಹಿರಿಯ ಅಧಿಕಾರಿ. ಗಟ್ಟಿಮುಟ್ಟಾಗಿದೆ ಎಂದು.

ಕಿರಿಯ ಅಧಿಕಾರಿಯೊಬ್ಬರು ಬಾಗಿಲ ಹತ್ತಿರ ನನ್ನನ್ನು ತಡೆದು ಗುಟ್ಟಾಗಿ ಕೇಳಿದರು. "ಸಿಹಿ ಬರುವುದು ಎಷ್ಟು ಹೊತ್ತಿಗೆ?"

ಆಗ ನನಗೆ ಚೀಟಿ ಅದಲುಬದಲಾದದ್ದು ಹೊಳೆಯಿತು. ಮತ್ತೊಂದು ಡಬ್ಬಿ ಆಗಲೇ ಖನಿಜ ಪರೀಕ್ಷೆಗೆ ಹೋಗಿಬಿಟ್ಟಿತ್ತು. ವಾರದ ಮೇಲೆ ಅಲ್ಲಿಂದ ವರದಿ ಬಂತು. ಸಾಹೇಬರಿಗೆ ಓದಿ ಹೇಳಿದೆ.

'ಮಾದರಿಯಲ್ಲಿ ಲೋಹದ ಅಂಶ ಕಂಡುಬಂದಿಲ್ಲ. ಕಾಯಿಸಿದರೆ ಸುವಾಸನೆ ಬರುತ್ತದೆ. ಇರುವೆ ಮುತ್ತುತ್ತವೆ. ಗುಡ್ಡದ ಕಲ್ಲಿನೊಳಗೆ ಗೋಡಂಬಿ ಹೇಗೆ ಸೇರಿತೆಂಬುದನ್ನು ವಿವರಿಸಲು ಸಾಧ್ಯವಾಗಿಲ್ಲ. ದೇಶದಲ್ಲಿ ಇಂಥ ಖನಿಜ ಇದೇ ಮೊದಲು. ಕಳಿಸಿದ ಮಾದರಿ ಪರೀಕ್ಷೆಯಲ್ಲೇ ತೀರಿಹೋದ್ದರಿಂದ, ಇನ್ನೂ ನಾಲ್ಕು ಡಬ್ಬಿ ಕೂಡಲೇ ಕಳಿಸಿಕೊಡಬೇಕು.'

೬. ಟವೆಲ್ಲಿನ ಕೆಳಗೆ

ದೂರದ ದೇಶವೊಂದರ ವ್ಯಾಪಾರ ನಿಯೋಗ ಬಂದಿತ್ತು. ಅವರಿಗೆ ಸಂಕೇಶ್ವರದ ಕಡೆಯ ಮೆಣಸಿನಕಾಯಿ ಬೇಕಿತ್ತು, ಬಣ್ಣಕ್ಕೆ. ದಿಲ್ಲಿಯಲ್ಲಿ ಎರಡು ದಿನ ಮಾತು ನಡೆಯಿತು. ನಮ್ಮವರು ಹಳೆಯ ದರದ ಮೇಲೆ ನಾಲ್ಕು ರೂಪಾಯಿ ಏರಿಸಿರಿ ಎಂದರು. ನಿಯೋಗದ ಮುಖ್ಯಸ್ಥ ಎರಡರ ಮೇಲೆ ಒಂದು ಕಾಸೂ ಇಲ್ಲ ಎಂದ. ಆರಡಿ ಮೇಲಿನ ಎತ್ತರ, ಕೆಂಪು ಮುಖ, ಪಂಚಾಯಿತಿ ಕಟ್ಟೆಯ ಗೌಡನಂಥ ಗತ್ತು. ಮಾತು ಮುರಿಯುವ ಹಂತಕ್ಕೆ ಬಂತು. ಸಾಹೇಬರಿಗೆ ಚಿಂತೆ. ಆ ವರ್ಷ ಮೆಣಸಿನಕಾಯಿ ಹುಲುಸಾಗಿ ಬೆಳೆದಿತ್ತು, ಕೊಳ್ಳುವವರು ಇರಲಿಲ್ಲ. ತಮ್ಮದೇ ಮಂದಿಯ ಮಾಲು ಅದು.

"ಬೆಳೆಯುವ ನೆಲವನ್ನಾದರೂ ನೋಡಿ ಹೋಗಿರಿ" ಎಂದು ಸಾಹೇಬರು ಅವರನ್ನು ನಮ್ಮ ಕಡೆಗೆ ಕರೆತಂದರು. ಗೋಕಾಕದ ಫಾಲ್ಸು ತೋರಿಸಿ, ಮೂಡಲಗಿಯ ಸಂತೆಗೆ ಕರೆದೊಯ್ದರು. ಅಲ್ಲಿ ದನದ ವ್ಯಾಪಾರ ನಡೆದಿತ್ತು. ಇಬ್ಬರು ಕೈಮೇಲೆ ಟವೆಲ್ಲು ಹೊದಿಸಿಕೊಂಡು, ಒಬ್ಬರ ಮುಖ ಒಬ್ಬರು ನೋಡುತ್ತ ಮಾತಿಲ್ಲದೆ ನಿಂತಿದ್ದರು. ಮುಖ್ಯಸ್ಥ ಅದೇನೆಂದು ಕೇಳಿದ.

ಸಾಹೇಬರು ಹೆಮ್ಮೆಯಿಂದ ಇಂಗ್ಲಿಷಿನಲ್ಲಿ ಹೇಳಿದರು. "ನಮ್ಮಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಬಟ್ಟೆಯ ಕೆಳಗೆ ಬೆರಳು ಒತ್ತಿ ತಿಳಿಸುತ್ತೇವೆ. ಅಲ್ಲಿ ಆದ ಮಾತನ್ನು ಯಾರೂ ಮುರಿಯುವುದಿಲ್ಲ."

"ಹಾಗಿದ್ದರೆ ಎರಡು ದಿನ ದಿಲ್ಲಿಯಲ್ಲಿ ಯಾಕೆ ಕುಳಿತೆವು?" ಎಂದ ಮುಖ್ಯಸ್ಥ. ತೋಳು ಮೇಲೆ ಸರಿಸಿದ. ಬಾಜೂಕ್ಕೆ ನಿಂತಿದ್ದ ದಲಾಲಿಯ ಟವೆಲ್ಲಿನೊಳಗೆ ಕೈ ಹಾಕಿಯೇಬಿಟ್ಟ.

ದಲಾಲಿ ಎಂದರೆ ಗಿರಿಜಾ ಮೀಸೆಯ, ಸಂತೆಯಲ್ಲಿ ಮೂವತ್ತು ವರ್ಷ ದನ ಮಾರಿಸಿದ ಆಸಾಮಿ. ಕೈ ಬಂದ ಮೇಲೆ ಅದು ಯಾವ ದೇಶದ್ದು ಎಂದು ಅವನು ನೋಡುವುದಿಲ್ಲ. ಬೆರಳು ಒತ್ತಿದ. ಆಮೇಲೆ ತಿಳಿದಂತೆ, ಮುಖ್ಯಸ್ಥ ಎರಡು ಬೆರಳು ಒತ್ತಿದ. ದಲಾಲಿ ತಲೆ ಅಲ್ಲಾಡಿಸಿದ. ಮುಖ್ಯಸ್ಥ ಮೂರು ಒತ್ತಿದ. ದಲಾಲಿ ಆಕಾಶ ನೋಡಿದ, ನಿಟ್ಟುಸಿರು ಬಿಟ್ಟ, ಕೈ ಬಿಡಿಸಿಕೊಂಡು ಹೋಗುವವನ ಹಾಗೆ ಮಾಡಿದ. ಮುಖ್ಯಸ್ಥನ ಹಣೆಯಲ್ಲಿ ಬೆವರು. ಸುತ್ತ ನಿಂತ ನಾವೆಲ್ಲ ಇದು ತಮಾಷೆ ಎಂದುಕೊಂಡು ನಗುತ್ತಿದ್ದೆವು. ಕೊನೆಗೆ ಇಬ್ಬರೂ ಒಮ್ಮೆಲೇ ಗೋಣು ಹಾಕಿದರು. ದಲಾಲಿ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ಮುಖ್ಯಸ್ಥನ ಅಂಗೈ ಮೇಲೆ ಅಂಗೈ ಬಡಿದು, ಒಂದು ಹಗ್ಗ ತಂದು ಕೈಯಲ್ಲಿಟ್ಟ.

ಮುಖ್ಯಸ್ಥ ಇದು ಏನೋ ಸನ್ಮಾನವೆಂದು ತಿಳಿದು ಹಗ್ಗವನ್ನು ಹಣೆಗೆ ಒತ್ತಿಕೊಂಡ. ಫೋಟೋ ತೆಗೆದರು. ನಾಲ್ಕು ಹೆಜ್ಜೆ ನಡೆದ ಮೇಲೆ ಹಿಂದಿನಿಂದ ಯಾರೋ ಉಸಿರು ಬಿಟ್ಟ ಹಾಗಾಗಿ ತಿರುಗಿ ನೋಡಿದ. ಹಗ್ಗದ ಇನ್ನೊಂದು ತುದಿಗೆ ಒಂದು ಎಮ್ಮೆ ಇತ್ತು.

ಸಾಹೇಬರು ದಲಾಲಿಯನ್ನು ಬದಿಗೆ ಕರೆದರು. "ಏನ್ ಮಾಡಿದ್ಯೋ? ಅವರು ಪರದೇಶದವರು. ತಿರುಗಿ ತಗೋ."

"ಅದು ಆಗೂದಿಲ್ರಿ, ಸಾಹೇಬ್ರ. ಬೆರಳಿಗೆ ನೂರರಂಗ ನಾಕ ನೂರಕ್ಕ ಮುಗದೈತಿ. ಹಗ್ಗ ಹಿಡದ ಮ್ಯಾಲೆ ಎಮ್ಮಿ ಅವರ್ದು. ನಾ ತಿರುಗಿ ತಗೊಂಡ್ರ ಮುಂದಿನ ಸಂತಿಗೆ ನನ್ನ ಟವೆಲ್ಲಿನಾಗ ಯಾರು ಕೈ ಹಾಕ್ತಾರ್ರಿ?"

"ನಾ ಮಂತ್ರಿ ಅದೇನಿ!"

"ಖರೆರಿ. ಮಂತ್ರಿ ಇವತ್ತು ಇರತಾರ, ನಾಳೆ ಇರೂದಿಲ್ಲ. ಸಂತಿ ವಾರಾವಾರಾ ಇರತೈತಿ."

ಬೇರೆ ದಾರಿ ಇಲ್ಲದೆ ಸಾಹೇಬರು ಮುಖ್ಯಸ್ಥನಿಗೆ ಇದ್ದದ್ದು ಇದ್ದ ಹಾಗೆ ಹೇಳಿದರು. ಅವನು ಹಗ್ಗ ನೋಡಿದ, ಎಮ್ಮೆಯ ಮುಖ ನೋಡಿದ. ಆಮೇಲೆ ಸಂತೆಯೇ ತಿರುಗಿ ನೋಡುವ ಹಾಗೆ ನಕ್ಕ.

"ನಾನು ನಾಲ್ಕಕ್ಕೆ ಒಪ್ಪಿದ್ದು ಮೆಣಸಿನಕಾಯಿಗೆ" ಎಂದ. "ಅಲ್ಲಿ ಆದ ಮಾತನ್ನು ಯಾರೂ ಮುರಿಯುವುದಿಲ್ಲ ಎಂದಿರಲ್ಲ. ನಾನೂ ಮುರಿಯುವುದಿಲ್ಲ. ಎರಡನ್ನೂ ಕೊಂಡಿದ್ದೇನೆ."

ಏಳು ಮಂದಿ ಅಧಿಕಾರಿಗಳು ಎರಡು ದಿನದಲ್ಲಿ ತರಲಾಗದ ದರವನ್ನು ದಲಾಲಿ ಒಂದು ಎಮ್ಮೆಯಿಂದ ತಂದಿದ್ದ. ಕರಾರಿಗೆ ಗೋಕಾಕದ ಸರಕಾರಿ ಬಂಗಲೆಯಲ್ಲೇ ಸಹಿಯಾಯಿತು. ಮುಖ್ಯಸ್ಥ ವಿಮಾನ ಹತ್ತಿ ಹೋದ. ಎಮ್ಮೆ ವಿಮಾನ ಹತ್ತುವಂತಿರಲಿಲ್ಲ. ಪರವಾನಿಗೆ ಬರುವ ತನಕ ಇರಲಿ ಎಂದು ಅದನ್ನು ಬಂಗಲೆಯ ಹಿತ್ತಲಲ್ಲೇ ಕಟ್ಟಿದರು.

ಪರವಾನಿಗೆ ಕೊಡಬೇಕಾದದ್ದು ನಮ್ಮದೇ ಖಾತೆ. ರಫ್ತಿನ ಪಟ್ಟಿಯಲ್ಲಿ 'ಎಮ್ಮೆಗಳು' ಎಂದಿತ್ತು, 'ಎಮ್ಮೆ' ಎಂದಿರಲಿಲ್ಲ. ಒಂದೇ ಎಮ್ಮೆಯನ್ನು ಕಳಿಸುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ. ಅಲ್ಲಿ ಮೇವು ತಿಂದು ಎಮ್ಮೆ ದಪ್ಪಗಾಯಿತು, ಇಲ್ಲಿ ಟಿಪ್ಪಣಿ ತಿಂದು ಫೈಲು ದಪ್ಪಗಾಯಿತು. ಬಂಗಲೆಯ ಅಡಿಗೆಯವನು ಪತ್ರ ಬರೆದು ಕೇಳಿದ. "ಪರದೇಶದ ಹಾಲು ಐತ್ರಿ. ನಮ್ಮ ಮಂದಿ ಚಹಾಕ್ಕ ಹಾಕಬಹುದೇನ್ರಿ?"

ಇದು ಹೇಗೋ ವಿರೋಧ ಪಕ್ಷದವರ ಕಿವಿಗೆ ಬಿತ್ತು. ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಬಂತು. 'ಪರದೇಶಕ್ಕೆ ಸೇರಿದ ಎಮ್ಮೆಯೊಂದು ಸರಕಾರಿ ಬಂಗಲೆಯಲ್ಲಿರುವುದು ನಿಜವೇ? ಅದು ದೇಶ ಬಿಡದಿರಲು ಕಾರಣವೇನು?' ಉತ್ತರ ಟೈಪ್ ಮಾಡುವಾಗ ಮೊದಲನೆಯದಕ್ಕೆ 'ನಿಜ' ಎಂದು ಬಡಿದೆ. ಎರಡನೆಯದಕ್ಕೆ ಅಧಿಕಾರಿಗಳು ಏನೂ ಬರೆದು ಕಳಿಸಿರಲಿಲ್ಲ. ಕಾಯುತ್ತ ಕುಳಿತವನು ಬೇಸರಕ್ಕೆ ಚೇಷ್ಟೆಗೆಂದು ಒಂದು ಸಾಲು ಬಡಿದೆ. ಅಳಿಸಬೇಕೆನ್ನುವಷ್ಟರಲ್ಲಿ ಜವಾನ ಬಂದು ಹಾಳೆ ಎತ್ತಿಕೊಂಡು ಓಡಿದ.

ನಾನು ಮೇಲಿನ ಗ್ಯಾಲರಿಗೆ ಹೋಗಿ ನಿಂತಾಗ ಸಾಹೇಬರು ಎದ್ದಿದ್ದರು. ಕೈಗೆ ಬಂದ ಹಾಳೆಯನ್ನು ಮೊದಲಿನಿಂದ ಕೊನೆಯ ತನಕ ಓದುವುದು ಅವರ ರೂಢಿ. ಕೋರ್ಟಿನ ದನಿಯಲ್ಲಿ ಗಂಭೀರವಾಗಿ ಓದಿದರು.

"ಒಂದು: ನಿಜ. ಎರಡು: ದೇಶ ಬಿಡುವ ಬಗ್ಗೆ ಎಮ್ಮೆಯಿಂದ ಇಲ್ಲಿಯವರೆಗೆ ಯಾವ ಅರ್ಜಿಯೂ ಬಂದಿಲ್ಲ."

ಪ್ರಶ್ನೆ ಕೇಳಿದವನೇ ಮೊದಲು ನಕ್ಕ. ಎರಡೂ ಪಕ್ಷದವರು ಮೇಜು ಕುಟ್ಟಿದರು. ನನಗೆ ಮಾತ್ರ ಗೋಕಾಕದ ಬೇವಿನ ಗಿಡ ಕಣ್ಣಮುಂದೆ ಬಂತು.

ಪೇಪರಿನಲ್ಲಿ ಸುದ್ದಿ ಓದಿ ಆ ಮುಖ್ಯಸ್ಥನಿಂದ ಪತ್ರ ಬಂತು. 'ಅರ್ಜಿ ಹಾಕದವರನ್ನು ಒತ್ತಾಯ ಮಾಡುವುದು ಸರಿಯಲ್ಲ. ಅವಳು ಅಲ್ಲಿಯೇ ಇರಲಿ. ಹಾಲು ಊರಿನ ದವಾಖಾನೆಯ ರೋಗಿಗಳಿಗೆ ಹೋಗಲಿ.' ಫೈಲು ಮುಚ್ಚಿತು. ಅಂದು ಸಾಹೇಬರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಸಿದರು.

"ಆ ಎರಡನೇ ಸಾಲು ನೀ ಬಡದದ್ದೇನು?"

"ಹೌದ್ರಿ. ತಪ್ಪಾತ್ರಿ. ಚೇಷ್ಟಿಗೆ ಬಡದಿದ್ದೆ, ಅಳಸಬೇಕಂತ ಮಾಡಿದ್ದೆ."

ಸಾಹೇಬರು ಆ ಹಾಳೆ ಮಡಚಿ ಕಿಸೆಗೆ ಹಾಕಿಕೊಂಡರು.

"ಅಳಸಬ್ಯಾಡ" ಎಂದರು. "ಇಷ್ಟು ವರ್ಷ ಆ ಸಭಾದಾಗ ನಾ ಕೊಟ್ಟ ಉತ್ತರದಾಗ ಪೂರಾ ಖರೆ ಇದ್ದದ್ದು ಅದೊಂದ."